ಹಸುಗೂಸಿನ ಹೆಜ್ಜೆ ಎಲ್ಲಿ ಹೋಯಿತು?

ಹುಟ್ಟಿ ನಾಲ್ಕೈದು ದಿನಗಳಾದ ಕೂಸನ್ನು ಮಕ್ಕಳ ವೈದ್ಯರು ಪರೀಕ್ಷಿಸುವುದನ್ನು ನೀವು ನೋಡಿರಬಹುದು. ಎದೆಯ ಸುತ್ತ ಕೈಯಿಟ್ಟು, ತಲೆಗೆ ಬೆರಳಿನ ಆಸರೆ ಕೊಟ್ಟು, ಪಾದಗಳು ಮೇಜನ್ನು ಮುಟ್ಟುವಂತೆ ಅದನ್ನು ನೆಟ್ಟಗೆ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿಸುತ್ತಾರೆ. ಕುತ್ತಿಗೆಯೇ ನಿಲ್ಲದ ಆ ಕೂಸು ಒಂದು ಕಾಲನ್ನು ಮಡಿಸಿ ಎತ್ತುತ್ತದೆ, ಊರುತ್ತದೆ. ಬಳಿಕ ಇನ್ನೊಂದನ್ನು ಎತ್ತುತ್ತದೆ. ಥೇಟ್ ನಡಿಗೆ! ಅಜ್ಜಿಯಂದಿರು ಇದನ್ನು ಕಂಡರೆ "ಈಗಲೇ ಓಡೋಕೆ ಹೊರಟಿದ್ದಾನೆ" ಎಂದು ನಗುತ್ತಾರೆ. (ಇದು ತಿಳಿದವರು ಮಾಡುವ ಪರೀಕ್ಷೆ. ಲೇಖನ ಓದಿ ಮನೆಯ ಕೂಸಿನ ಮೇಲೆ ಪ್ರಯೋಗಕ್ಕೆ ಇಳಿಯುವುದು ಬೇಡ.)

ಅದೇ ಕೂಸನ್ನು ಎರಡು ತಿಂಗಳ ಬಳಿಕ ಅದೇ ರೀತಿ ಹಿಡಿದು ನೋಡಿದರೆ ಸಾಮಾನ್ಯವಾಗಿ ಹೆಜ್ಜೆ ಇರುವುದಿಲ್ಲ. ಪಾದಗಳು ಮೇಜಿಗೆ ಅಂಟಿಕೊಂಡಂತೆ ಸುಮ್ಮನಿರುತ್ತವೆ. ಹುಟ್ಟಿದ ವರ್ಷ ಮುಗಿಯುತ್ತ ಬಂದಂತೆ, ಯಾರಾದರೂ ಕೈ ಹಿಡಿದರೆ, ಹೆಜ್ಜೆ ಮತ್ತೆ ಕಾಣಿಸಿಕೊಳ್ಳುತ್ತದೆ. ನಡುವಿನ ಏಳೆಂಟು ತಿಂಗಳು ಅದು ಎಲ್ಲಿ ಹೋಗಿತ್ತು?

ಪ್ರಶ್ನೆ ಚಿಕ್ಕದು. ಆದರೆ ಮಗು ಬೆಳೆಯುವುದು ಎಂದರೇನು ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ. ಸುಮಾರು ನಲವತ್ತು ವರ್ಷ ಇದಕ್ಕೆ ಒಂದೇ ಉತ್ತರ ಚಲಾವಣೆಯಲ್ಲಿತ್ತು. ಆ ಉತ್ತರವನ್ನು ಅಲುಗಾಡಿಸಿದ್ದು ಒಂದು ಗಾಜಿನ ತೊಟ್ಟಿ ಮತ್ತು ಅದರಲ್ಲಿದ್ದ ಬೆಚ್ಚನೆಯ ನೀರು. ಭೌತವಿಜ್ಞಾನದ ಮೇಷ್ಟರೊಬ್ಬ ಮಕ್ಕಳ ಬೆಳವಣಿಗೆಯ ಬಗ್ಗೆ ಬರೆಯಲು ಹೊರಟಿರುವುದಕ್ಕೆ ಇದೇ ಕಾರಣ.

ಒಳಗಿನ ಗಡಿಯಾರ

ಶಿಶುಗಳನ್ನು ಗಮನಿಸಿ ಬರೆದಿಡುವ ಪದ್ಧತಿ ಹಳೆಯದು. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ದಿನಚರಿ ಬರೆದಿಟ್ಟು, 1877ರಲ್ಲಿ ಅದನ್ನು ಆಧರಿಸಿದ ಲೇಖನವನ್ನು ಪ್ರಕಟಿಸಿದ. ಆದರೆ ಒಂದು ಮಗುವಿನ ದಿನಚರಿ ಒಂದು ಮಗುವಿನ ಕಥೆ ಅಷ್ಟೆ. ಅನೇಕ ಮಕ್ಕಳನ್ನು ಒಂದೇ ಕ್ರಮದಲ್ಲಿ ನೋಡುವ ಕೆಲಸ ಬಿರುಸಾದದ್ದು 1920ರ ದಶಕದಿಂದ ಈಚೆಗೆ, ಹೆಚ್ಚಾಗಿ ಅಮೆರಿಕದಲ್ಲಿ. ಮಿನೆಸೋಟದಲ್ಲಿ ಮೇರಿ ಶರ್ಲಿ 25 ಮಕ್ಕಳ ಮೊದಲ ಎರಡು ವರ್ಷಗಳನ್ನು ಬೆನ್ನು ಹತ್ತಿ ದಾಖಲಿಸಿದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ (1880–1961) ಗುಮ್ಮಟದಂತಹ ಒಂದು ಕೋಣೆ ಕಟ್ಟಿಸಿ, ಒಳಗೆ ಮಗುವನ್ನಿಟ್ಟು, ಹೊರಗಿನಿಂದ ಚಲನಚಿತ್ರ ತೆಗೆಸಿದರು. ಆ ಫಿಲ್ಮನ್ನು ಚೌಕಟ್ಟು ಚೌಕಟ್ಟಾಗಿ ನೋಡಿ, ಕತ್ತು ನಿಲ್ಲುವುದು, ಮಗುಚಿಕೊಳ್ಳುವುದು, ಕೂರುವುದು, ಅಂಬೆಗಾಲಿಡುವುದು, ನಿಲ್ಲುವುದು, ನಡೆಯುವುದು ಇವೆಲ್ಲ ಯಾವ ವಾರ, ಯಾವ ತಿಂಗಳು ಎಂಬ ಪಟ್ಟಿಗಳನ್ನು ತಯಾರಿಸಿದರು. ಇಂದಿಗೂ ಬಿ.ಎಡ್. ಮನೋವಿಜ್ಞಾನದ ಪುಸ್ತಕಗಳಲ್ಲಿ ಕಾಣುವ ಕೋಷ್ಟಕಗಳ ಮೂಲ ಇಲ್ಲಿದೆ.

ಮಗುವನ್ನು ಹೇಗೆ ಬೇಕಾದರೂ ತಿದ್ದಬಹುದು, ಎಲ್ಲವೂ ಕಲಿಕೆಯೇ ಎಂದು ಜಾನ್ ವಾಟ್ಸನ್ ಸಾರುತ್ತಿದ್ದ ಕಾಲವದು. ಗೆಸೆಲ್ ಒಪ್ಪಲಿಲ್ಲ. 1929ರಲ್ಲಿ ಹೆಲೆನ್ ಥಾಂಪ್ಸನ್ ಜೊತೆಗೂಡಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ರೂಪದ ಅವಳಿಗಳಲ್ಲಿ ಒಂದಕ್ಕೆ 46ನೆಯ ವಾರದಿಂದ ಆರು ವಾರ ದಿನವೂ ಮೆಟ್ಟಿಲು ಹತ್ತುವ ತರಬೇತಿ ಕೊಟ್ಟರು. ಇನ್ನೊಂದಕ್ಕೆ 53ನೆಯ ವಾರದಿಂದ ಎರಡೇ ವಾರ. ತಡವಾಗಿ ಶುರು ಮಾಡಿದ ಮಗು ಆ ಎರಡು ವಾರಗಳಲ್ಲೇ ಮೊದಲಿನದರ ಸಮಕ್ಕೆ ಬಂದುಬಿಟ್ಟಿತು. ನರಮಂಡಲ ಪಕ್ವವಾಗುವ ತನಕ ತರಬೇತಿ ವ್ಯರ್ಥ, ಪಕ್ವವಾದ ಮೇಲೆ ತರಬೇತಿಯ ಅಗತ್ಯವೇ ಕಡಿಮೆ ಎಂಬುದು ಗೆಸೆಲ್ ತೀರ್ಮಾನ. ಇದಕ್ಕೆ ಪರಿಪಕ್ವನ ವಾದವೆಂದು ಹೆಸರು. ಇದು ಒಂದೇ ಜೋಡಿ ಅವಳಿಗಳ ಮೇಲೆ ನಿಂತ ತೀರ್ಮಾನವೆಂಬುದನ್ನು ಪುಸ್ತಕಗಳು ಬೇಗ ಮರೆತವು. ತರಬೇತಿ ಪಡೆಯದ ಮಗು ಆ ವಾರಗಳಲ್ಲಿ ಕೈಕಾಲು ಕಟ್ಟಿಸಿಕೊಂಡೇನೂ ಕೂತಿರಲಿಲ್ಲ ಎಂಬುದನ್ನೂ.

ಜಾನಿ ಮತ್ತು ಜಿಮ್ಮಿ

ಅದೇ ವೇಳೆಗೆ ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆಯಲ್ಲಿ ಮಿರ್ಟಲ್ ಮೆಗ್ರಾ (1899–1988) ಇನ್ನಷ್ಟು ಸಾಹಸದ ಕೆಲಸಕ್ಕೆ ಕೈಹಾಕಿದರು. 1932ರಲ್ಲಿ ಹುಟ್ಟಿದ ಅವಳಿಗಳಲ್ಲಿ ಜಾನಿಗೆ ಎಳೆಯ ವಾರಗಳಿಂದಲೇ ಬಗೆಬಗೆಯ ವ್ಯಾಯಾಮ. ಜಿಮ್ಮಿಗೆ ತೊಟ್ಟಿಲು, ಕೆಲವು ಆಟಿಕೆ. ಕತ್ತು, ಕೂರುವುದು, ನಡಿಗೆ ಇಂತಹ ಮೂಲಭೂತ ಸಾಮರ್ಥ್ಯಗಳಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಬರಲಿಲ್ಲ. ಆದರೆ ಜಾನಿ ಸುಮಾರು ಒಂದು ವರ್ಷದ ಆಸುಪಾಸಿನಲ್ಲೇ ಗಾಲಿಬೂಟು ಕಟ್ಟಿಕೊಂಡು ಜಾರುತ್ತಿದ್ದ, ಈಜುತ್ತಿದ್ದ, ಕಡಿದಾದ ಇಳಿಜಾರು ಹಲಗೆಗಳನ್ನು ನಿರ್ಭಯವಾಗಿ ಹತ್ತುತ್ತಿದ್ದ. ಜಿಮ್ಮಿ ಇಂತಹವುಗಳ ಬಳಿ ಸುಳಿಯುತ್ತಲೂ ಇರಲಿಲ್ಲ.

ಪತ್ರಿಕೆಗಳಿಗೆ ಹಬ್ಬವಾಯಿತು. ಮೊದಲು ಜಾನಿಯನ್ನು ಅದ್ಭುತ ಶಿಶುವೆಂದರು. ಜಿಮ್ಮಿಗೂ ಕಲಿಸಿದಾಗ ಅವನು ಬೇಗ ಕಲಿತುದನ್ನು ಕಂಡು ಪ್ರಯೋಗವೇ ಸೋತಿತೆಂದರು. ಮೆಗ್ರಾ ಹೇಳಿದ್ದು ಇವೆರಡೂ ಅಲ್ಲ. ಒಂದೊಂದು ಕೌಶಲಕ್ಕೂ ತನ್ನದೇ ಆದ ಕಾಲವಿದೆ, ಕೆಲವಕ್ಕೆ ಅಭ್ಯಾಸ ಬಹಳ ಮುಖ್ಯ, ಕೆಲವಕ್ಕೆ ಅಷ್ಟಿಲ್ಲ ಎಂಬ ಸೂಕ್ಷ್ಮ ಮಾತನ್ನು ಆಕೆ ಹೇಳಿದ್ದರು. ಅವಳಿಗಳು ಒಂದೇ ರೂಪದವರಲ್ಲ ಎಂದು ಆಮೇಲೆ ತಿಳಿದದ್ದು ಪ್ರಯೋಗಕ್ಕೆ ಬಿದ್ದ ಪೆಟ್ಟು.

ಹಸುಗೂಸಿನ ಹೆಜ್ಜೆಗೆ ಮೆಗ್ರಾ ಕೊಟ್ಟ ವಿವರಣೆಯೇ ಪಠ್ಯಪುಸ್ತಕದ ಉತ್ತರವಾಯಿತು. ಅವರ 1943ರ ಗ್ರಂಥದ ಪ್ರಕಾರ, ಹುಟ್ಟಿದಾಗ ಕಾಣುವ ಹೆಜ್ಜೆ ಕೆಳಹಂತದ ನರಕೇಂದ್ರಗಳು ನಡೆಸುವ ಪರಾವರ್ತಿತ ಕ್ರಿಯೆ. ಮಿದುಳಿನ ಕಾರ್ಟೆಕ್ಸ್ ಬೆಳೆಯುತ್ತ ಬಂದಂತೆ ಅದು ಈ ಕ್ರಿಯೆಯನ್ನು ಅದುಮುತ್ತದೆ. ಮುಂದೆ ಕಾರ್ಟೆಕ್ಸ್ ತಾನೇ ಕಾಲುಗಳ ಹತೋಟಿ ಹಿಡಿದಾಗ ಇಚ್ಛಾಪೂರ್ವಕ ನಡಿಗೆ ಬರುತ್ತದೆ. ಅಂದರೆ ಹಳೆಯ ಹೆಜ್ಜೆಗೂ ಹೊಸ ಹೆಜ್ಜೆಗೂ ಸಂಬಂಧ ಕಡಿಮೆ. ಸೊಗಸಾದ, ಅಚ್ಚುಕಟ್ಟಾದ ವಿವರಣೆ.

ಆದರೂ ಆಕೆಯ ಕೈಯಲ್ಲೇ ಎರಡು ಸುಳಿವುಗಳಿದ್ದವು. 1939ರಲ್ಲಿ ಆಕೆ ನೀರಿನಲ್ಲಿ ಎಳೆಗೂಸುಗಳು ಲಯಬದ್ಧವಾಗಿ ಕಾಲಾಡಿಸುವುದನ್ನು ವರ್ಣಿಸಿದ್ದರು. ಅದೇ ವರ್ಷ ಜಾನಿ–ಜಿಮ್ಮಿಯರ ಮುಂದಿನ ಬೆಳವಣಿಗೆಯ ವರದಿಯೂ ಬಂತು. ಮಗುವಾಗಿದ್ದಾಗ ಲೀಲಾಜಾಲವಾಗಿ ಜಾರುತ್ತಿದ್ದ ಜಾನಿ ಗಾಲಿಬೂಟಿನ ಮೇಲೆ ತಡವರಿಸತೊಡಗಿದ್ದ. ಕಲಿತದ್ದು ಮರೆತುಹೋಯಿತೇ? ದೇಹದ ಅಳತೆಗಳು ಬದಲಾದದ್ದೇ ಇದಕ್ಕೆ ಕಾರಣವಿರಬಹುದೆಂದು ಮೆಗ್ರಾ ಗುರುತಿಸಿದ್ದರು. ಆ ಮಾತನ್ನು ಹಸುಗೂಸಿನ ಕಾಲಿಗೂ ಅನ್ವಯಿಸಿದ್ದರೆ ಈ ಕಥೆ ನಲವತ್ತು ವರ್ಷ ಮೊದಲೇ ಮುಗಿಯುತ್ತಿತ್ತೇನೋ.

ಗಡಿಯಾರ ತಪ್ಪಿದ್ದೆಲ್ಲಿ?

ಪರಿಪಕ್ವನ ವಾದಕ್ಕೆ ಬಲ ಕೊಟ್ಟವರಲ್ಲಿ ವೇನ್ ಡೆನ್ನಿಸ್ ಒಬ್ಬರು. ಅಮೆರಿಕದ ಹೋಪಿ ಬುಡಕಟ್ಟಿನವರು ಶಿಶುಗಳನ್ನು ಹಲಗೆಗೆ ಸುತ್ತಿ ಕಟ್ಟಿ ಮಲಗಿಸುವ ರೂಢಿ ಇತ್ತು. ಹೀಗೆ ಕಟ್ಟಿಸಿಕೊಂಡ ಮಕ್ಕಳೂ ಕಟ್ಟಿಸಿಕೊಳ್ಳದ ಮಕ್ಕಳೂ ಹೆಚ್ಚುಕಡಿಮೆ ಒಂದೇ ವಯಸ್ಸಿಗೆ ನಡೆದರೆಂದು ಅವರು 1940ರಲ್ಲಿ ವರದಿ ಮಾಡಿದರು. ಮುಂದೆ 1960ರಲ್ಲಿ ಅವರೇ ಪ್ರಕಟಿಸಿದ ಇನ್ನೊಂದು ಅಧ್ಯಯನ ಬೇರೆಯೇ ಕಥೆ ಹೇಳಿತು. ಟೆಹರಾನಿನ ಅನಾಥಾಲಯವೊಂದರಲ್ಲಿ ಮಕ್ಕಳು ದಿನವಿಡೀ ತೊಟ್ಟಿಲಲ್ಲಿ ಅಂಗಾತ ಮಲಗಿರುತ್ತಿದ್ದರು. ಎತ್ತಿಕೊಳ್ಳಲು, ಕೂರಿಸಲು ಸಾಕಷ್ಟು ಜನರಿರಲಿಲ್ಲ. ಅಲ್ಲಿ ಮೂರು ತುಂಬಿದ ಮಕ್ಕಳಲ್ಲೂ ಬಹುಪಾಲಿಗೆ ನಡಿಗೆ ಬಂದಿರಲಿಲ್ಲ. ಅನೇಕರು ಅಂಬೆಗಾಲಿಡದೆ ಕುಂಡೆಯ ಮೇಲೆ ಸರಿಯುತ್ತಿದ್ದರು. ಹೋಪಿ ಮಗುವನ್ನು ಹಲಗೆಯಿಂದ ಬಿಚ್ಚಿ ಎತ್ತುವ, ಆಡಿಸುವ ಕೈಗಳಿದ್ದವು, ಇಲ್ಲಿ ಅವಿರಲಿಲ್ಲ. ಮೊದಲಿನ ತನ್ನ ನಿಲುವಿಗೆ ವಿರುದ್ಧವಾದ ಫಲಿತಾಂಶವನ್ನು ಮುಚ್ಚಿಡದೆ, ಪರಿಪಕ್ವನವೊಂದೇ ಸಾಲದು ಎಂದು ಬರೆದ ಡೆನ್ನಿಸ್ ಬಗ್ಗೆ ನನಗೆ ಗೌರವವಿದೆ.

ಹೆಜ್ಜೆಯ ಮಾತಿಗೆ ಬರೋಣ. 1972ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಿಲಿಪ್ ಝೆಲಾಝೊ ಮತ್ತು ಸಂಗಡಿಗರ ಪುಟ್ಟ ಪ್ರಬಂಧವೊಂದು ಬಂತು. ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ದಿನಕ್ಕೆ ಒಟ್ಟು 12 ನಿಮಿಷ ಹೆಜ್ಜೆಯ ಅಭ್ಯಾಸ ಮಾಡಿಸಿದ ಕೂಸುಗಳಲ್ಲಿ ಹೆಜ್ಜೆ ಮಾಯವಾಗಲಿಲ್ಲ, ಹೆಚ್ಚಾಯಿತು! ಆ ಮಕ್ಕಳು ಸರಾಸರಿ ಹತ್ತು ತಿಂಗಳಿಗೇ ನಡೆದರು; ಅಭ್ಯಾಸವಿಲ್ಲದ ಮಕ್ಕಳಿಗೆ ಹನ್ನೊಂದೂವರೆ–ಹನ್ನೆರಡು ತಿಂಗಳು ಬೇಕಾಯಿತು. ಒಟ್ಟು 24 ಮಕ್ಕಳು, ನಾಲ್ಕು ಗುಂಪು. ಸಂಖ್ಯೆ ತೀರ ಚಿಕ್ಕದು. ಆದರೂ ಪ್ರಶ್ನೆ ಎದ್ದಿತು. ಕಾರ್ಟೆಕ್ಸ್ ಅದುಮುವುದೇ ನಿಜವಾದರೆ ದಿನಕ್ಕೆ ಹನ್ನೆರಡು ನಿಮಿಷದ ಆಟ ಅದನ್ನು ಹೇಗೆ ತಡೆಯಿತು? ಅಭ್ಯಾಸದಿಂದ ಪರಾವರ್ತಿತ ಕ್ರಿಯೆ ಕಲಿತ ಕ್ರಿಯೆಯಾಗಿ ಮಾರ್ಪಟ್ಟಿತೆಂದು ಝೆಲಾಝೊ ಹೇಳಿದರು. ಬಲಗೊಂಡದ್ದು ಮಿದುಳೋ ಬರೀ ಸ್ನಾಯುವೋ ಎಂದು ಕೇಳುವವರು ಇನ್ನೂ ಬಂದಿರಲಿಲ್ಲ.

ತೊಟ್ಟಿಯ ನೀರು

ಕೇಳಿದವರು ಎಸ್ತರ್ ಥೇಲನ್ (1941–2004). ಈಕೆ ಪ್ರಾಣಿವಿಜ್ಞಾನದಿಂದ ಬಂದವರು. ಕಣಜಗಳು ಕಾಲಿನಿಂದ ಮೈ ಉಜ್ಜಿಕೊಳ್ಳುವ ಲಯವನ್ನು ಅಧ್ಯಯನ ಮಾಡಿದ್ದ ಅವರ ಕಣ್ಣಿಗೆ, ಅಂಗಾತ ಮಲಗಿದ ಶಿಶು ಕಾಲು ಒದೆಯುವುದರಲ್ಲೂ ಅಂತಹದೇ ಲಯ ಕಂಡಿತು. 1982ರಲ್ಲಿ ಡೊನ್ನಾ ಫಿಶರ್ ಜೊತೆ ಒದೆತವನ್ನೂ ಹೆಜ್ಜೆಯನ್ನೂ ಅಕ್ಕಪಕ್ಕದಲ್ಲಿಟ್ಟು ಅಳೆದರು: ಕೀಲುಗಳ ಕೋನ, ಚಲನೆಯ ಕಾಲಾವಧಿ, ಸ್ನಾಯುಗಳ ವಿದ್ಯುತ್ ಸಂಜ್ಞೆ. ಎರಡೂ ಹೆಚ್ಚುಕಡಿಮೆ ಒಂದೇ ಚಲನೆ! ಒಂದು ಮಲಗಿ, ಇನ್ನೊಂದು ನಿಂತು. ಆದರೆ ಒದೆಯುವುದು ಎರಡು ತಿಂಗಳಿಗೆ ನಿಲ್ಲುವುದಿಲ್ಲ, ಇನ್ನೂ ಜೋರಾಗುತ್ತದೆ. ಕಾರ್ಟೆಕ್ಸ್ ಒಂದೇ ಚಲನೆಯನ್ನು ನಿಂತಾಗ ಅದುಮಿ, ಮಲಗಿದಾಗ ಬಿಡುವುದೇಕೆ?

ಇಲ್ಲಿ ನಮ್ಮ ವಿದ್ಯಾರ್ಥಿಗಳು ಸ್ವಲ್ಪ ನಿಂತು ಯೋಚಿಸಬೇಕು. ನಿಂತ ಕೂಸಿನ ತೊಡೆ ಸೊಂಟದ ಕೀಲಿನಿಂದ ನೇತುಬಿದ್ದ ಲೋಲಕದಂತೆ. ಅದನ್ನು ಮುಂದಕ್ಕೆ ಎತ್ತುತ್ತ ಹೋದಂತೆ ಗುರುತ್ವ ಹಾಕುವ ತಿರುಗುಬಲ, ಅಂದರೆ ಟಾರ್ಕ್, ಕೋನದ ಸೈನ್‌ಗೆ ಅನುಗುಣವಾಗಿ ಏರುತ್ತದೆ. ತೊಡೆ ಅಡ್ಡವಾದಾಗ ಅದು ಗರಿಷ್ಠ. ಮಲಗಿದ ಕೂಸಿನ ಲೆಕ್ಕ ಬೇರೆ. ಹಸುಗೂಸು ನಮ್ಮಂತೆ ಕಾಲು ಚಾಚಿ ಮಲಗುವುದಿಲ್ಲ, ತೊಡೆ ಮೊದಲೇ ಅರ್ಧ ಮೇಲೆದ್ದಿರುತ್ತದೆ. ಅಲ್ಲಿಂದ ಎತ್ತುತ್ತ ಹೋದಂತೆ ಟಾರ್ಕ್ ಇಳಿಯುತ್ತದೆ. ತೊಡೆ ನೆಟ್ಟಗಾದಾಗ ಸೊನ್ನೆ. ಅದನ್ನು ದಾಟಿದರೆ ಗುರುತ್ವವೇ ಮಂಡಿಯನ್ನು ಹೊಟ್ಟೆಯ ಕಡೆಗೆ ಎಳೆಯುತ್ತದೆ. ಅದೇ ಕಾಲು, ಅದೇ ಸ್ನಾಯು. ಮಾಡಬೇಕಾದ ಕೆಲಸ ಮಾತ್ರ ಬೇರೆ.

ಇನ್ನು ತೂಕ. ಆರೋಗ್ಯವಂತ ಶಿಶು ಮೊದಲ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 25–30 ಗ್ರಾಂ ಹೆಚ್ಚುತ್ತದೆ. ಮೂರು ಕಿಲೋಗ್ರಾಂ ಇದ್ದ ಕೂಸು ಎರಡು ತಿಂಗಳಿಗೆ ನಾಲ್ಕೂವರೆ ಮುಟ್ಟುತ್ತದೆ. ಕಾಲುಗಳು ದುಂಡಗಾಗುತ್ತವೆ, ತೊಡೆಯಲ್ಲಿ ಮಡಿಕೆ ಬೀಳುತ್ತದೆ. ಈ ಹೆಚ್ಚಳದಲ್ಲಿ ಸ್ನಾಯುವಿಗಿಂತ ಕೊಬ್ಬಿನ ಪಾಲು ದೊಡ್ಡದು. ಹೊರೆ ಬೆಳೆದಷ್ಟು ಬೇಗ ಹೊರುವವನು ಬೆಳೆಯಲಿಲ್ಲ.

ಇದು ಊಹೆ. ಊಹೆಯನ್ನು ಪರೀಕ್ಷಿಸಿದ ರೀತಿ ನನಗೆ ಅತ್ಯಂತ ಪ್ರಿಯವಾದ ಭಾಗ. 1984ರಲ್ಲಿ ಥೇಲನ್, ಫಿಶರ್ ಮತ್ತು ರಾಬಿನ್ ರಿಡ್ಲಿ-ಜಾನ್ಸನ್ ಪ್ರಕಟಿಸಿದ ಪ್ರಬಂಧದಲ್ಲಿ ಮೂರು ಹಂತಗಳಿವೆ. ಮೊದಲನೆಯದರಲ್ಲಿ, ಬೇಗ ಮೈತುಂಬಿಕೊಂಡ ಶಿಶುಗಳಲ್ಲೇ ಹೆಜ್ಜೆ ಹೆಚ್ಚಾಗಿ ಇಳಿದಿತ್ತು. ಎರಡನೆಯದರಲ್ಲಿ, ತಿಂಗಳ ಕೂಸುಗಳ ಕಾಲಿಗೆ ಪುಟ್ಟ ತೂಕಗಳನ್ನು ಕಟ್ಟಿದರು. ಮುಂದಿನ ಎರಡು ವಾರಗಳಲ್ಲಿ ಕಾಲುಗಳಿಗೆ ಸಹಜವಾಗಿ ಎಷ್ಟು ಭಾರ ಸೇರುತ್ತದೆಯೋ ಸುಮಾರು ಅಷ್ಟು. ಹೆಜ್ಜೆಗಳು ಕಡಿಮೆಯಾದವು. ಮೂರನೆಯದರಲ್ಲಿ, ಕೂಸುಗಳನ್ನು ಭದ್ರವಾಗಿ ಹಿಡಿದು, ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಎದೆಯ ಕೆಳಗಿನ ಭಾಗ ಮುಳುಗುವಂತೆ ಇಳಿಸಿದರು. ಶರೀರದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಆರ್ಕಿಮಿಡೀಸ್ ತತ್ತ್ವದಂತೆ ಮುಳುಗಿದ ಕಾಲಿನ ತೂಕ ಬಹುತೇಕ ಇಲ್ಲವಾಯಿತು. ಹೆಜ್ಜೆಗಳು ಹೆಚ್ಚಾದವು!

ಬೆಚ್ಚನೆಯ ನೀರು ಕೂಸನ್ನು ಚುರುಕುಗೊಳಿಸಿತು, ಅಷ್ಟೇ ಇರಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. ಅದಕ್ಕಾಗಿಯೇ ತೂಕ ಕಟ್ಟುವ ಪ್ರಯೋಗವೂ ಬೇಕಾಗಿತ್ತು. ಹೊರೆ ಹೆಚ್ಚಿಸಿದರೆ ಹೆಜ್ಜೆ ಇಳಿಯಬೇಕು, ಹೊರೆ ಇಳಿಸಿದರೆ ಹೆಜ್ಜೆ ಹೆಚ್ಚಬೇಕು. ಎರಡೂ ದಿಕ್ಕಿನಲ್ಲಿ ಪರೀಕ್ಷೆ ಗೆದ್ದಾಗ ವಾದಕ್ಕೆ ಬಲ ಬರುತ್ತದೆ. ಮಿದುಳಿನ ವಾದಕ್ಕೆ ಇಲ್ಲಿ ತೊಡಕಾಯಿತು. ನೀರಿಗಿಳಿಸಿದ ನಿಮಿಷದಲ್ಲಿ ಕಾರ್ಟೆಕ್ಸ್ ಹಿಂದಕ್ಕೆ ಬೆಳೆದು, ಮೇಲೆತ್ತಿದ ಕೂಡಲೇ ಮತ್ತೆ ಮುಂದಕ್ಕೆ ಬೆಳೆಯುತ್ತದೆಯೇ? ಝೆಲಾಝೊ ಫಲಿತಾಂಶಕ್ಕೂ ಈಗ ಸರಳ ಅರ್ಥ ಸಿಕ್ಕಿತು: ದಿನವೂ ಕಾಲೆತ್ತಿದ ಕೂಸುಗಳ ಸ್ನಾಯುಗಳು ಹೊರೆಗೆ ತಕ್ಕಂತೆ ಬಲಗೊಂಡಿರಬೇಕು.

ಇಲ್ಲಿಗೇ ಥೇಲನ್ ನಿಲ್ಲಲಿಲ್ಲ. 1986ರಲ್ಲಿ ಏಳು ತಿಂಗಳ ಮಕ್ಕಳನ್ನು, ಅಂದರೆ ಹೆಜ್ಜೆ ಪೂರ್ತಿ 'ಮಾಯವಾದ' ವಯಸ್ಸಿನವರನ್ನು, ನಿಧಾನವಾಗಿ ಚಲಿಸುವ ಟ್ರೆಡ್‌ಮಿಲ್ ಪಟ್ಟಿಯ ಮೇಲೆ ಎತ್ತಿ ಹಿಡಿದರು. ಪಟ್ಟಿ ಕಾಲನ್ನು ಹಿಂದಕ್ಕೆ ಎಳೆದು, ಸ್ಪ್ರಿಂಗಿನಂತೆ ಹಿಗ್ಗಿಸಿದಾಗ ಮಕ್ಕಳು ಎಡ, ಬಲ, ಎಡ, ಬಲ ಎಂದು ಹೆಜ್ಜೆಯಿಟ್ಟರು. ಮುಂದಿನ ವರ್ಷ ಎರಡು ಪಟ್ಟಿಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿದರೂ ಕಾಲುಗಳು ಹೊಂದಿಕೊಂಡು ಸರದಿ ತಪ್ಪಿಸಲಿಲ್ಲ. ನಡಿಗೆಯ ನಕ್ಷೆ ಮಿದುಳಿನಲ್ಲಿ ಮೊದಲೇ ಬರೆದಿಟ್ಟ ಆಜ್ಞಾಪತ್ರವಲ್ಲ. ಕಾಲಿನ ಭಾರ, ಸ್ನಾಯುವಿನ ಸ್ಥಿತಿಸ್ಥಾಪಕತ್ವ, ನೆಲ, ಗುರುತ್ವ, ನರಗಳು ಎಲ್ಲವೂ ಕೂಡಿದಾಗ ಅದು ಮೂಡುತ್ತದೆ ಎಂಬುದು ಅವರ ವಾದ. ಈ ಆಲೋಚನೆಯ ಹಿಂದೆ ರಷ್ಯದ ನಿಕೊಲಾಯ್ ಬರ್ನ್‌ಸ್ಟೈನ್ (1896–1966) ಇದ್ದಾರೆ. ಕಮ್ಮಾರನ ಸುತ್ತಿಗೆಯೇಟುಗಳನ್ನು ಕ್ಯಾಮೆರಾದಲ್ಲಿ ಹಿಡಿದು, ಸುತ್ತಿಗೆಯ ತುದಿ ಪ್ರತಿ ಸಲ ಒಂದೇ ಕಡೆ ಬಿದ್ದರೂ ಕೀಲುಗಳ ದಾರಿ ಪ್ರತಿ ಸಲ ಬೇರೆ ಎಂದು ತೋರಿಸಿದವರು ಅವರು. ಇಷ್ಟೊಂದು ಕೀಲು, ಸ್ನಾಯುಗಳ ಸ್ವಾತಂತ್ರ್ಯವನ್ನು ಮಿದುಳು ಹೇಗೆ ನಿಭಾಯಿಸುತ್ತದೆ ಎಂಬ ಅವರ ಪ್ರಶ್ನೆ ಇಂದು ರೋಬಾಟ್ ತಯಾರಕರನ್ನೂ ಕಾಡುತ್ತಿದೆ.

ಭೌತವಿಜ್ಞಾನ ಗೆದ್ದಿತೆಂದು ನಾನು ಬೀಗಬಹುದಿತ್ತು. ಆದರೆ ಲೆಕ್ಕ ಅಲ್ಲಿಗೆ ಮುಗಿದಿಲ್ಲ. 2011ರಲ್ಲಿ ರೋಮಿನ ನಾಡಿಯಾ ಡೊಮಿನಿಚಿ, ಫ್ರಾಂಚೆಸ್ಕೊ ಲಕ್ವಾನಿತಿ ಮತ್ತಿತರರು ನವಜಾತ ಶಿಶುಗಳ ಹೆಜ್ಜೆಯ ಸ್ನಾಯು ಸಂಜ್ಞೆಗಳನ್ನು ವಿಶ್ಲೇಷಿಸಿದರು. ಹುಟ್ಟಿದಾಗ ಎರಡು ಮೂಲ ವಿನ್ಯಾಸಗಳಿವೆ. ನಡೆಯಲು ಕಲಿಯುವ ಹೊತ್ತಿಗೆ ಅವು ಉಳಿದುಕೊಂಡೇ ಇನ್ನೆರಡು ಸೇರುತ್ತವೆ. ಇಂತಹವೇ ವಿನ್ಯಾಸಗಳು ಇಲಿ, ಬೆಕ್ಕು, ಮಂಗ, ಗಿನಿಕೋಳಿಗಳಲ್ಲೂ ಕಂಡವು. ಹೀಗಾಗಿ ಮಿದುಳುಬಳ್ಳಿಯಲ್ಲಿ ಅಡಗಿರುವ ಪುರಾತನ ಲಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಹಳೆಯ ಹೆಜ್ಜೆ ಅಳಿಸಿಹೋಗಿ ಹೊಸದು ಬರುತ್ತದೆಂಬ ಮಾತು ಇಲ್ಲೂ ಬಿದ್ದುಹೋಯಿತು.

ಹೆಜ್ಜೆಯಿಂದ ನಡಿಗೆಗೆ

ಈ ಚರ್ಚೆಯಿಂದ ಯಾರಿಗೆ ಏನಾಯಿತು? ಡೌನ್ ಸಿಂಡ್ರೋಮ್ ಇರುವ ಮಕ್ಕಳು ಸಾಮಾನ್ಯವಾಗಿ ಎರಡು ವರ್ಷದ ಸುಮಾರಿಗೆ ನಡೆಯುತ್ತಾರೆ. ಒಳಗಿನ ಗಡಿಯಾರವೇ ನಿಧಾನವೆಂದು ನಂಬಿದರೆ ಕಾಯುವುದೊಂದೇ ದಾರಿ. ಥೇಲನ್ ಜೊತೆ ಕೆಲಸ ಮಾಡಿದ್ದ ಬೆವರ್ಲಿ ಉಲ್ರಿಕ್ ಹಾಗೂ ಡೇಲ್ ಉಲ್ರಿಕ್ ಕಾಯಲಿಲ್ಲ. ಇಂತಹ ಮಕ್ಕಳ ಮನೆಗಳಿಗೆ ಪುಟ್ಟ ಟ್ರೆಡ್‌ಮಿಲ್‌ಗಳನ್ನು ಕೊಟ್ಟು, ದಿನಕ್ಕೆ 8 ನಿಮಿಷ, ವಾರಕ್ಕೆ ಐದು ದಿನ ಮಗುವನ್ನು ಅದರ ಮೇಲೆ ಹಿಡಿಯಲು ತಂದೆತಾಯಿಗಳಿಗೆ ಹೇಳಿಕೊಟ್ಟರು. 2001ರಲ್ಲಿ ಫಲಿತಾಂಶ ಬಂತು. ಉಳಿದ ಚಿಕಿತ್ಸೆ ಮಾತ್ರ ಪಡೆದ ಮಕ್ಕಳಿಗಿಂತ ಇವರು ಸರಾಸರಿ 101 ದಿನ ಮೊದಲು ನಡೆದರು.

ಇನ್ನು ಅಭ್ಯಾಸವೆಂದರೆ ಎಷ್ಟು? ಕ್ಯಾರೆನ್ ಅಡಾಲ್ಫ್ ತಂಡ 2012ರಲ್ಲಿ ಎಣಿಸಿದ ಪ್ರಕಾರ, ಒಂದರಿಂದ ಒಂದೂವರೆ ವರ್ಷದ ಮಗು ತನ್ನ ಪಾಡಿಗೆ ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ನಾವು ಸೈಕಲ್ ಕಲಿಯುವಾಗಲೂ ಇಷ್ಟು ಬಿದ್ದಿಲ್ಲ.

ಮನೆಯ ರೂಢಿಗೂ ಇಲ್ಲಿ ಪಾಲಿದೆ. ಕೀನ್ಯದ ಕಿಪ್ಸಿಗಿಸ್ ಜನ ಶಿಶುಗಳಿಗೆ ಕೂರುವುದನ್ನು, ನಡೆಯುವುದನ್ನು ಬೇಕೆಂದೇ ಕಲಿಸುತ್ತಾರೆ. ಆ ಮಕ್ಕಳು ಇವನ್ನು ಬೇಗ ಕಲಿಯುತ್ತಾರೆ; ಯಾರೂ ಕಲಿಸದ ಅಂಬೆಗಾಲು ಮಾತ್ರ ಬೇಗ ಬರುವುದಿಲ್ಲ ಎಂದು ಚಾರ್ಲ್ಸ್ ಸೂಪರ್ 1976ರಲ್ಲಿ ತೋರಿಸಿದರು. ನಮ್ಮಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಕೈಕಾಲು ಎಳೆದು ನೀರೆರೆಯುವ ಅಜ್ಜಿಯರ ಕೆಲಸವನ್ನು ಇದೇ ಕಣ್ಣಿನಿಂದ ಯಾರಾದರೂ ಅಳೆದು ನೋಡಬೇಕೆಂದು ನನಗೆ ಅನಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕಗಳ 816 ಆರೋಗ್ಯವಂತ ಮಕ್ಕಳನ್ನು ಅನುಸರಿಸಿ 2006ರಲ್ಲಿ ಪ್ರಕಟಿಸಿದ ಮಾನಕಗಳಲ್ಲಿ ಒಂಟಿಯಾಗಿ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿದೆ. ಭಾರತದ ಮಕ್ಕಳು ದೆಹಲಿಯವರು. ನೂರಕ್ಕೆ ನಾಲ್ಕರಷ್ಟು ಮಕ್ಕಳು ಕೈ ಮತ್ತು ಮಂಡಿ ಊರಿ ಅಂಬೆಗಾಲಿಡಲೇ ಇಲ್ಲ, ಆದರೂ ನಡೆದರು. ನಮ್ಮ ಶಿಕ್ಷಕರ ತರಬೇತಿ ಪುಸ್ತಕಗಳಲ್ಲಿ 'ನಡಿಗೆ – 12 ತಿಂಗಳು' ಎಂದು ಒಂದೇ ಅಂಕಿ ಇರುತ್ತದೆ. ಅದನ್ನು ಓದಿದ ಶಿಕ್ಷಕಿ, ಹದಿಮೂರು ತಿಂಗಳಾದರೂ ನಡೆಯದ ತನ್ನ ಮಗುವಿನ ಬಗ್ಗೆ ಗಾಬರಿಯಾಗಿ ನನ್ನನ್ನು ಕೇಳಿದ್ದುಂಟು. ಭೌತವಿಜ್ಞಾನದವನನ್ನು! ಈ ಮಾನಕದ ಹರವನ್ನು ತೋರಿಸಿದೆ. ಹದಿನೆಂಟು ತಿಂಗಳು ತುಂಬಿದರೂ ಹೆಜ್ಜೆಯಿಡದಿದ್ದರೆ, ಅಥವಾ ಬಂದಿದ್ದ ಕೌಶಲವೇ ಹೋದರೆ, ಕಾಯದೆ ಮಕ್ಕಳ ವೈದ್ಯರಲ್ಲಿಗೆ ಹೋಗಿ ಎಂದೂ ಹೇಳಿದೆ. ಆಕೆಯ ಮಗು ಹದಿನೈದನೆಯ ತಿಂಗಳಿನಲ್ಲಿ ಹೊಸಿಲು ದಾಟಿತು.

ಆ ಪುಸ್ತಕದಲ್ಲಿ ಇನ್ನೊಂದು ಸಾಲೂ ಇತ್ತು: ಹೆಜ್ಜೆಯ ಪರಾವರ್ತಿತ ಕ್ರಿಯೆ ಎರಡನೆಯ ತಿಂಗಳಿಗೆ ಮಾಯವಾಗುತ್ತದೆ, ಕಾರಣ ಕಾರ್ಟೆಕ್ಸಿನ ಬೆಳವಣಿಗೆ. ಅಂಚಿನಲ್ಲಿ ಪೆನ್ಸಿಲಿನಿಂದ 'ನೀರಿನಲ್ಲಿ?' ಎಂದು ಬರೆದು ಪುಸ್ತಕವನ್ನು ಹಿಂದಿರುಗಿಸಿದೆ.